ನಾಲ್ಕು ನಿಮಿಷದ ವ್ಯಾಯಾಮವೂ ಒಂದು ಗಂಟೆಯ ವ್ಯಾಯಾಮವೂ

ನಾಲ್ಕು ನಿಮಿಷ ಜೀವ ತೇದು ವ್ಯಾಯಾಮ ಮಾಡಿದರೆ ಒಂದು ಗಂಟೆಯ ಕಾರ್ಡಿಯೋಗೆ, ಅಂದರೆ ಓಟ, ಸೈಕಲ್ ತುಳಿತದಂಥ ಹೃದಯ ದುಡಿಸುವ ವ್ಯಾಯಾಮಕ್ಕೆ, ಸಮ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಇದಕ್ಕೆ ಆಧಾರವಾಗಿ ಸಾಮಾನ್ಯವಾಗಿ ಉಲ್ಲೇಖಿಸುವುದು ಜಪಾನಿನ ಇಜುಮಿ ತಬಾಟಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಅದರಲ್ಲಿ ಒಂದು ಗುಂಪಿನವರು ವಾರಕ್ಕೆ ಐದು ದಿನ, ತಮ್ಮ ಗರಿಷ್ಠ ಆಮ್ಲಜನಕ ಬಳಕೆಯ (ದೇಹ ಒಂದು ನಿಮಿಷದಲ್ಲಿ ಬಳಸಬಲ್ಲ ಅತಿ ಹೆಚ್ಚು ಆಮ್ಲಜನಕದ) ಶೇ. 70ರಷ್ಟು ತೀವ್ರತೆಯಲ್ಲಿ ಒಂದು ಗಂಟೆ ಸೈಕಲ್ ಯಂತ್ರ ತುಳಿದರು. ಇನ್ನೊಂದು ಗುಂಪಿನವರು 20 ಸೆಕೆಂಡು ತುಳಿದು 10 ಸೆಕೆಂಡು ಬಿಡುವು ಪಡೆಯುವ ಸುತ್ತುಗಳನ್ನು ಏಳೆಂಟು ಬಾರಿ ಮಾಡಿದರು. ಆರು ವಾರಗಳ ಬಳಿಕ ಗರಿಷ್ಠ ಆಮ್ಲಜನಕ ಬಳಕೆ ಎರಡೂ ಗುಂಪುಗಳಲ್ಲಿ ಏರಿತ್ತು. ಆಮ್ಲಜನಕದ ನೆರವಿಲ್ಲದೆ ಶಕ್ತಿ ಒದಗಿಸುವ ಸಾಮರ್ಥ್ಯ ಮಾತ್ರ ಎರಡನೆಯ ಗುಂಪಿನಲ್ಲಿ ಶೇ. 28ರಷ್ಟು ಹೆಚ್ಚಿತ್ತು, ಮೊದಲ ಗುಂಪಿನಲ್ಲಿ ಅಷ್ಟೇನೂ ಬದಲಾಗಿರಲಿಲ್ಲ.

ಫಲಿತಾಂಶ ಜನಪ್ರಿಯವಾದಷ್ಟೂ ಅದರ ಷರತ್ತುಗಳು ದಾರಿಯಲ್ಲೇ ಉದುರಿಹೋದವು. ಆ 20 ಸೆಕೆಂಡುಗಳ ಹೊರೆ ಗರಿಷ್ಠ ಆಮ್ಲಜನಕ ಬಳಕೆಯ ಶೇ. 170ರ ಮಟ್ಟದ್ದು, ಅಂದರೆ ಆಮ್ಲಜನಕದ ಬಲವೊಂದರಿಂದಲೇ ನಿಭಾಯಿಸಲಾಗದಷ್ಟು; ಕೊನೆಯ ಸುತ್ತುಗಳಲ್ಲಿ ಪೆಡಲಿನ ವೇಗ ನಿಗದಿಗಿಂತ ಕೆಳಗಿಳಿದರೆ ಅಲ್ಲಿಗೆ ಆಟ ಮುಗಿಯುತ್ತಿತ್ತು. ತುಳಿದವರು ದೈಹಿಕ ಶಿಕ್ಷಣ ಓದುತ್ತಿದ್ದ ಯುವಕರು. ಅಲ್ಲದೆ ಅವರೂ ವಾರದಲ್ಲಿ ಒಂದು ದಿನ ಅರ್ಧ ಗಂಟೆ ಒಂದೇ ಹದದಲ್ಲಿ ತುಳಿಯುತ್ತಿದ್ದರು ಎಂಬುದನ್ನು ಹೆಚ್ಚಿನವರು ಹೇಳುವುದೇ ಇಲ್ಲ. ಚಾಪೆಯ ಮೇಲೆ ನಾಲ್ಕು ನಿಮಿಷ ಕುಣಿದು, ಮುಗಿದ ಕೂಡಲೇ ಸಲೀಸಾಗಿ ಮಾತಾಡಬಲ್ಲವರು ಮಾಡಿದ್ದು ಒಳ್ಳೆಯ ವ್ಯಾಯಾಮವೇ ಇರಬಹುದು, ಆದರೆ ಆ ಅಧ್ಯಯನದ ವ್ಯಾಯಾಮವಂತೂ ಅಲ್ಲ.

ಹಾಗೆಂದು ತೀವ್ರ ಅಭ್ಯಾಸದ ಲಾಭ ಬರೀ ಪ್ರಚಾರವಲ್ಲ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗಿಬಾಲಾ ಅವರ ತಂಡ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹತ್ತು ನಿಮಿಷದೊಳಗೆ 20 ಸೆಕೆಂಡುಗಳ ಮೂರು ಬಿರುಸಿನ ತುಳಿತಗಳನ್ನು ಸೇರಿಸಿಕೊಂಡವರೂ 45 ನಿಮಿಷ ಸಮಗತಿಯಲ್ಲಿ ತುಳಿದವರೂ ಹನ್ನೆರಡು ವಾರಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದ ಸುಧಾರಣೆ ಕಂಡರು. ಸಮಯವೇ ಸಿಗದವರಿಗೆ ಇದು ದೊಡ್ಡ ಸಮಾಧಾನ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮದ ಬದಲಿಗೆ 75ರಿಂದ 150 ನಿಮಿಷಗಳ ತೀವ್ರ ವ್ಯಾಯಾಮವನ್ನು ಒಪ್ಪುತ್ತದೆ.

ನನಗೆ ಹೆಚ್ಚು ಹಿಡಿಸಿರುವುದು ನಾರ್ವೆಯ ಟ್ರಾಂಡ್‌ಹೈಮ್‌ನ ಸಂಶೋಧಕರಿಂದ ಹೆಸರಾದ ನಾಲ್ಕು ಗುಣಿಸು ನಾಲ್ಕರ ಕ್ರಮ: ಗರಿಷ್ಠ ಹೃದಯ ಬಡಿತದ ಶೇ. 90ರಿಂದ 95ರ ಮಟ್ಟದಲ್ಲಿ ನಾಲ್ಕು ನಿಮಿಷ, ನಡುವೆ ಮೂರು ನಿಮಿಷ ಹಗುರ ಓಟ, ಹೀಗೆ ನಾಲ್ಕು ಸುತ್ತು. ಇದರಲ್ಲಿ ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪ್ರಮಾಣ ಹೆಚ್ಚುತ್ತದೆಂದು 2007ರ ಅಧ್ಯಯನ ತೋರಿಸಿತು. ಇಲ್ಲೊಂದು ಸೂಕ್ಷ್ಮವಿದೆ. ಸುತ್ತು ಶುರುವಾದ ತಕ್ಷಣ ಬಡಿತ ಅಷ್ಟು ಎತ್ತರಕ್ಕೆ ಏರುವುದಿಲ್ಲ. ಕಾಲು ದುಡಿಯತೊಡಗಿ ಒಂದೆರಡು ನಿಮಿಷವಾದ ಮೇಲೆಯೇ ಹೃದಯ ಆ ಮಟ್ಟ ಮುಟ್ಟುತ್ತದೆ. ಕೈಗಡಿಯಾರದ ಅಂಕಿಯನ್ನು ಮೊದಲ ನಿಮಿಷದಲ್ಲೇ ಮೇಲೆತ್ತಲು ಹೊರಟವರು ಎರಡನೆಯ ಸುತ್ತಿಗೇ ಕಾಲು ಸೋತು ನಿಲ್ಲುತ್ತಾರೆ. ಉಸಿರು ಜೋರಾಗಿ, ಎರಡು ಮೂರು ಪದಗಳಿಗಿಂತ ಹೆಚ್ಚು ಆಡಲಾಗದ, ಆದರೆ ನಾಲ್ಕೂ ಸುತ್ತು ಒಂದೇ ವೇಗದಲ್ಲಿ ಮುಗಿಸಬಲ್ಲ ಹದವೇ ಸರಿಯಾದದ್ದು.

ಕೊಬ್ಬು ಕರಗಿಸುವ ವಿಷಯದಲ್ಲಿ ಎರಡೂ ಪಕ್ಷದವರು ಅತಿಯಾಗಿ ಮಾತಾಡುತ್ತಾರೆ. ನಿಧಾನ ಓಟದಲ್ಲಿ ಇಂಧನವಾಗಿ ಕೊಬ್ಬಿನ ಪಾಲು ಹೆಚ್ಚು ಎಂಬುದು ನಿಜ, ಬಿರುಸಿನ ವ್ಯಾಯಾಮದ ನಂತರವೂ ದೇಹ ಸ್ವಲ್ಪ ಹೊತ್ತು ಹೆಚ್ಚು ಆಮ್ಲಜನಕ ಬಳಸುತ್ತದೆ ಎಂಬುದೂ ನಿಜ. ಆದರೆ ಆ ಹೆಚ್ಚುವರಿ ಖರ್ಚು ಜಾಹೀರಾತುಗಳು ಹೇಳುವಷ್ಟು ದೊಡ್ಡದಲ್ಲ. ಹೋಲಿಸಿ ನೋಡಿದ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಕೊಬ್ಬಿನ ಇಳಿಕೆಯಲ್ಲಿ ಎರಡಕ್ಕೂ ಹೇಳಿಕೊಳ್ಳುವ ಅಂತರ ಕಂಡಿಲ್ಲ.

ನನ್ನ ಒಲವು ಸಮಗತಿಯ ಕಡೆಗೇ ಇದೆ. ಕಾರಣ ಸರಳ: ಅದನ್ನು ನಾಳೆಯೂ ಮಾಡಬಹುದು. ತೀವ್ರ ಅಭ್ಯಾಸದ ಮರುದಿನ ಸ್ನಾಯುಗಳಿಗೆ ವಿಶ್ರಾಂತಿ ಬೇಕು, ಅದನ್ನು ಕೊಡದೆ ದಿನವೂ ಬಿರುಸಾಗಿ ಓಡಲು ಹೋದರೆ ವೇಗ ತಾನಾಗಿ ಇಳಿದು, ಹಗುರವೂ ಅಲ್ಲದ ತೀವ್ರವೂ ಅಲ್ಲದ ನಡುಮಧ್ಯದ ಓಟವಾಗಿಬಿಡುತ್ತದೆ. ದೂರದ ಓಟಗಾರರ ಮತ್ತು ಸ್ಕೀ ಪಟುಗಳ ತರಬೇತಿಯನ್ನು ಅಭ್ಯಸಿಸಿದ ಸ್ಟೀಫನ್ ಸೈಲರ್, ಅವರ ತರಬೇತಿಯ ಸುಮಾರು ಶೇ. 80ರಷ್ಟು ಹಗುರವಾದದ್ದೇ ಎಂದು ಗುರುತಿಸಿದರು. ಇಷ್ಟು ಸಮರ್ಥರೇ ಬಹುಪಾಲು ನಿಧಾನವಾಗಿ ಓಡುವಾಗ ಉಳಿದವರಿಗೇಕೆ ಅವಸರ? ಹಾಗಾಗಿ ನಾನು ಹೆಚ್ಚಿನ ದಿನ ಪೂರ್ಣ ವಾಕ್ಯಗಳಲ್ಲಿ ಮಾತಾಡಬಹುದಾದ ವೇಗದಲ್ಲಿ ಓಡಿ, ವಾರಕ್ಕೊಮ್ಮೆ ಮಾತ್ರ ಏದುಸಿರು ಬರುವಂತೆ ಓಡುತ್ತೇನೆ.

ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರಿಗೆ ಮೇಲೆ ಹೇಳಿದ ಶೇಕಡಾವಾರು ಲೆಕ್ಕ ಹೊಂದುವುದಿಲ್ಲ, ಅವರು ಉಸಿರಾಟವನ್ನೇ ಅಳತೆಯಾಗಿ ಇಟ್ಟುಕೊಳ್ಳಬೇಕು. ಹೃದ್ರೋಗವಿರುವವರು, ನಡೆದಾಗ ಎದೆ ಬಿಗಿಯುವವರು ವೈದ್ಯರನ್ನು ಕೇಳದೆ ಬಿರುಸಿನ ಸುತ್ತುಗಳಿಗೆ ಕೈಹಾಕಬಾರದು.