ಬಿಸಿಗೆ ಕೆಟ್ಟ ಗೇಮ್ ಕನ್ಸೋಲ್: ದುರಸ್ತಿ ಎಲ್ಲಿಗೆ ಬಂತು

ಧೂಳು ತೆಗೆದು, ಚಿಪ್‌ನ ಶಾಖ ಸಾಗಿಸುವ ಥರ್ಮಲ್ ಪೇಸ್ಟ್ ಬದಲಿಸಿದ್ದಾಯಿತು. ಕನ್ಸೋಲ್ ಈಗ ಆನ್ ಮಾಡಿದ ಕೆಲವೇ ನಿಮಿಷಗಳಲ್ಲಿ ಆರಿಹೋಗುವುದಿಲ್ಲ, ಫ್ಯಾನ್ ಮೊದಲಿನಂತೆ ಅಬ್ಬರಿಸುವುದೂ ಇಲ್ಲ. ಆದರೆ ಪರದೆಯ ಮೇಲೆ ಆಟದ ಬದಲು ಬಣ್ಣದ ಚೌಕಗಳು ಕುಣಿಯುತ್ತಿವೆ. ಸುಲಭದ ಕೆಲಸ ಮುಗಿಯಿತು, ನಿಜವಾದ ಕೆಲಸ ಉಳಿಯಿತು.

ಮುಗಿದದ್ದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಚಿಪ್‌ನ ಬಿಸಿಯನ್ನು ಹೀರಿ ಗಾಳಿಗೆ ಬಿಡುವ ಲೋಹದ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. ಫ್ಯಾನ್ ಎಷ್ಟು ತಿರುಗಿದರೇನು, ಗಾಳಿಗೆ ದಾರಿಯೇ ಇರಲಿಲ್ಲ. ಹಳೆಯ ಪೇಸ್ಟ್ ಉಗುರು ತಾಗಿದರೆ ಪುಡಿಯಾಗಿ ಉದುರುತ್ತಿತ್ತು. 99% ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ. ಮಲ್ಟಿಮೀಟರ್‌ನಲ್ಲಿ ನೋಡಿದರೆ 12 ವೋಲ್ಟ್ ಸರಿಯಾಗಿಯೇ ಬರುತ್ತಿದೆ, ಹಾಗಾಗಿ ವಿದ್ಯುತ್ ಪೂರೈಕೆಯ ಮೇಲೆ ಅನುಮಾನವಿಲ್ಲ.

ಇನ್ನು ಆ ಚೌಕಗಳು. ಗ್ರಾಫಿಕ್ಸ್ ಚಿಪ್ ಮೇಲಿನ ಹೀಟ್‌ಸಿಂಕನ್ನು ಮೆಲ್ಲಗೆ ಒತ್ತಿದರೆ ಚಿತ್ರ ಕ್ಷಣಕಾಲ ಸರಿಯಾಗುತ್ತದೆ, ಬಿಟ್ಟರೆ ಮತ್ತೆ ಕೆಡುತ್ತದೆ. ಎಲ್ಲೋ ಒಂದು ಬೆಸುಗೆ ಬಿರುಕು ಬಿಟ್ಟಿದೆ ಎಂದರ್ಥ. ಬಿಸಿಯಾದಾಗ ಸರ್ಕ್ಯೂಟ್ ಬೋರ್ಡ್ ಹಿಗ್ಗುವಷ್ಟು ಚಿಪ್‌ನ ಸಿಲಿಕಾನ್ ಹಿಗ್ಗುವುದಿಲ್ಲ. ಇವೆರಡರ ಎಳೆದಾಟವೆಲ್ಲ ನಡುವಿನ ಬೆಸುಗೆಯ ಮೇಲೆ ಬೀಳುತ್ತದೆ. ಪ್ರತಿ ಬಾರಿ ಆನ್ ಮಾಡಿ ಆಫ್ ಮಾಡಿದಾಗಲೂ ಇದೇ ಕಥೆ. ತಂಪು ಸರಿಯಾಗಿ ಸಿಗದಿದ್ದರೆ ಎಳೆತ ಇನ್ನೂ ಜೋರು.

ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ: ಬೋರ್ಡನ್ನು ಒವನ್‌ನಲ್ಲಿಟ್ಟು ಕಾಯಿಸುವುದು. ನಾನು ಅದನ್ನು ಮಾಡುವುದಿಲ್ಲ. 2006ರ ಜುಲೈ 1ರಿಂದ ಯುರೋಪ್ ಒಕ್ಕೂಟ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸಕ್ಕೆ ಕಡಿವಾಣ ಹಾಕಿದ ಮೇಲೆ ತವರ, ಬೆಳ್ಳಿ, ತಾಮ್ರದ ಬೆಸುಗೆ ಬಳಕೆಗೆ ಬಂದಿದೆ. ಅದು ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು. ಒವನ್ 200 ಡಿಗ್ರಿಯಲ್ಲಿದ್ದರೂ ಕನ್ಸೋಲ್ ಬದುಕಿಕೊಂಡಿತು ಎನ್ನುವವರಿದ್ದಾರೆ. ಹಾಗಾದರೆ ಚಿಪ್ ಕೆಳಗಿನ ಬೆಸುಗೆ ಕರಗಲೇ ಇಲ್ಲವಲ್ಲ! ಬಿರುಕು ಹಲವು ಬಾರಿ ಚಿಪ್‌ನ ಒಳಗೇ, ಸಿಲಿಕಾನ್ ತುಣುಕನ್ನು ಅದರ ತಳಕ್ಕೆ ಕೂಡಿಸುವ ಪುಟ್ಟ ಬೆಸುಗೆಗಳಲ್ಲಿ ಇರುತ್ತದೆ. ಕಾಯಿಸಿದಾಗ ಅದು ತಾತ್ಕಾಲಿಕವಾಗಿ ಕೂಡಿಕೊಳ್ಳುತ್ತದೆ, ಬಳಸುತ್ತಾ ಹೋದಂತೆ ಮತ್ತೆ ಬಿಡುತ್ತದೆ. ಅಷ್ಟರಲ್ಲಿ 105 ಡಿಗ್ರಿಗೆಂದು ಮಾಡಿದ ಕೆಪಾಸಿಟರ್‌ಗಳೂ ವಿನಾಕಾರಣ ಬೆಂದಿರುತ್ತವೆ. ಹೀಗಾಗಿ ಚಿಪ್ಪನ್ನೇ ಬದಲಿಸುವುದೆಂದು ನಿರ್ಧರಿಸಿದ್ದೇನೆ.

ಸದ್ಯ ಗುಜರಿ ಬೋರ್ಡ್‌ಗಳ ಮೇಲೆ ಕೈ ಪಳಗಿಸುತ್ತಿದ್ದೇನೆ. ಕೆಳಗಿನಿಂದ ಪ್ರೀಹೀಟರ್, ಮೇಲಿನಿಂದ ಬಿಸಿಗಾಳಿ, ಚಿಪ್ ಪಕ್ಕದಲ್ಲಿ ಉಷ್ಣತೆ ಅಳೆಯುವ ತಂತಿ. ಸುತ್ತಲಿನ ಭಾಗಗಳಿಗೆ ಶಾಖ ತಡೆಯುವ ಟೇಪ್. ಬೆಸುಗೆ ಕರಗಿತೇ ಎಂದು ತಿಳಿಯಲು ಚಿಮಟದ ತುದಿಯಿಂದ ಚಿಪ್ಪನ್ನು ಕೂದಲೆಳೆಯಷ್ಟು ಸರಿಸಿ ನೋಡಬೇಕು. ಕರಗಿದ್ದರೆ ಅದು ಒಂದಿಷ್ಟು ಜಾರಿ, ಬಿಟ್ಟ ಕೂಡಲೇ ತಾನಾಗಿ ತನ್ನ ಜಾಗಕ್ಕೆ ವಾಪಸ್ ಬರುತ್ತದೆ. ದ್ರವ ಬೆಸುಗೆಯ ಮೇಲ್ಮೈ ಎಳೆತದ ಆಟವದು. ಎಷ್ಟು ನೋಡಿದರೂ ಬೇಸರವಾಗುವುದಿಲ್ಲ. ಎತ್ತುವ ಗಳಿಗೆಯೂ ಅದೇ. ಆತುರಪಟ್ಟು ಮೊದಲೇ ಎತ್ತಿದರೆ ಬೋರ್ಡಿನ ತಾಮ್ರದ ಪ್ಯಾಡ್‌ಗಳೇ ಕಿತ್ತು ಬರುತ್ತವೆ.

ಹೊಸ ಚಿಪ್‌ಗೆ ಅದನ್ನು ಬೋರ್ಡಿಗೆ ಕೂಡಿಸುವ, ಸೀಸ ಬೆರೆತ ಪುಟ್ಟ ಬೆಸುಗೆ ಗುಂಡುಗಳನ್ನು ಕೂರಿಸುತ್ತೇನೆ. ಅವು 183 ಡಿಗ್ರಿಗೇ ಕರಗುವುದರಿಂದ ಬೋರ್ಡ್ ಅಷ್ಟು ಕಡಿಮೆ ಬೇಯುತ್ತದೆ. ಸೀಸವೆಂದ ಮೇಲೆ ಕೆಲಸ ಮುಗಿದೊಡನೆ ಕೈ ತೊಳೆಯಲೇಬೇಕು. ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ ಫ್ಲಕ್ಸ್‌ನ ಹೊಗೆಯೂ ಒಳ್ಳೆಯದಲ್ಲ, ಕಿಟಕಿ ತೆರೆದಿಡಬೇಕು.

ಗುಜರಿ ಬೋರ್ಡ್‌ಗಳಲ್ಲಿ ಚಿಪ್ ಈಗ ಪ್ಯಾಡ್ ಕೀಳದೆ ಎದ್ದು ಬರುತ್ತಿದೆ. ಮರಳಿ ಕೂರಿಸುವುದು ಮಾತ್ರ ಇನ್ನೂ ಹತೋಟಿಗೆ ಬಂದಿಲ್ಲ: ಒಂದು ಮೂಲೆಯ ಗುಂಡುಗಳು ಪಕ್ಕದವಕ್ಕೆ ಅಂಟಿಕೊಳ್ಳುತ್ತಿವೆ. ಬಿಸಿಗೆ ಬೋರ್ಡ್ ಬಾಗುತ್ತಿದೆ ಎಂಬುದು ನನ್ನ ಅನುಮಾನ. ಮುಂದಿನ ಬಾರಿ ಕೆಳಗಿನಿಂದ ಆಸರೆ ಕೊಟ್ಟು ನೋಡುತ್ತೇನೆ. ಅದು ಬಗೆಹರಿಯುವವರೆಗೆ ಕನ್ಸೋಲ್‌ನ ಬೋರ್ಡನ್ನು ಮುಟ್ಟುವುದಿಲ್ಲ.