ಗಂಜಿ ಬೇಡ ಅಂದೆ, ಬದಲಿಗೆ ಏನು ಅಂತ ಹೇಳಲಿಲ್ಲ

ನಾನು ನರ್ಸ್ ಕೆಲಸಕ್ಕೆ ಸೇರಿದ ಆರನೇ ವರ್ಷ. ಗಂಡಸರ ವಾರ್ಡಿನಲ್ಲಿ ನೈಟ್ ಡ್ಯೂಟಿ. ಕಿಟಕಿ ಪಕ್ಕದ ಮಂಚದಲ್ಲಿ ಮಂಡ್ಯ ಕಡೆಯ ರೈತರೊಬ್ಬರಿದ್ದರು. ಹೊಟ್ಟೆಯ ಕ್ಯಾನ್ಸರ್, ಲಿವರ್‌ಗೂ ಹರಡಿತ್ತು. ಇನ್ನು ಕೀಮೋ ಕೊಟ್ಟು ಪ್ರಯೋಜನವಿಲ್ಲ, ನೋವಿಲ್ಲದ ಹಾಗೆ ನೋಡಿಕೊಳ್ಳೋಣ ಅಂತ ಡಾಕ್ಟರು ಮನೆಯವರಿಗೆ ಹೇಳಿಯಾಗಿತ್ತು. ಮೊದಲು ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ ಕೊಡುತ್ತಿದ್ದೆವು. ನುಂಗಲು ಆಗದೇ ಹೋದಾಗ ಅದನ್ನೇ ಚರ್ಮದ ಕೆಳಗೆ ಇಂಜೆಕ್ಷನ್ ಮಾಡಿದೆವು. ನೋವು ಹತೋಟಿಗೆ ಬಂದಿತ್ತು. ದಿನದ ಹೆಚ್ಚು ಹೊತ್ತು ಮಂಪರಿನಲ್ಲೇ ಇರುತ್ತಿದ್ದರು.

ರಾತ್ರಿ ಎರಡರ ಸುಮಾರಿಗೆ ರೌಂಡ್ಸ್‌ಗೆ ಹೋದೆ. ಅವರ ಹೆಂಡತಿ ಒಂದು ಕೈಯಲ್ಲಿ ಗಂಡನ ತಲೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಚಮಚದಿಂದ ರಾಗಿ ಗಂಜಿ ಬಾಯಿಗೆ ಬಿಡುತ್ತಿದ್ದರು. ನಾನು ಹತ್ತಿರ ಹೋಗುವಷ್ಟರಲ್ಲಿ ಅವರಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ತುಟಿ ನೀಲಿಯಾಯಿತು. ಓಡಿಹೋಗಿ ಪಕ್ಕಕ್ಕೆ ಮಲಗಿಸಿ, ಸಕ್ಷನ್ ಹಾಕಿ ಬಾಯಲ್ಲಿದ್ದದ್ದನ್ನು ಹೀರಿ ತೆಗೆದೆ. ಸ್ವಲ್ಪ ಹೊತ್ತಿಗೆ ಉಸಿರು ತಿಳಿಯಾಯಿತು.

ಆಮೇಲೆ ಆ ತಾಯಿಗೆ ಜೋರಾಗಿ ಬೈದೆ. "ಎಷ್ಟು ಸಲ ಹೇಳಬೇಕು ನಿಮಗೆ, ಬಾಯಿಗೆ ಏನೂ ಹಾಕಬೇಡಿ ಅಂತ? ಶ್ವಾಸಕೋಶಕ್ಕೆ ಹೋಗುತ್ತೆ!" ಅಕ್ಕಪಕ್ಕದ ಮಂಚದವರೆಲ್ಲ ಎದ್ದು ನೋಡಿದರು. ಆಕೆ ಒಂದೂ ಮಾತಾಡಲಿಲ್ಲ. ಗಂಜಿ ಪಾತ್ರೆಗೆ ಮುಚ್ಚಳ ಮುಚ್ಚಿ, ಎದ್ದು ವರಾಂಡಕ್ಕೆ ಹೋಗಿ ಕೂತರು. ಬೆಳಗಾಗುವವರೆಗೂ ಗಂಡನ ಹತ್ತಿರ ಬರಲಿಲ್ಲ.

ನಾನು ಹೇಳಿದ್ದು ಸರಿಯೇ ಇತ್ತು. ಮಂಪರಿನಲ್ಲಿರುವವರಿಗೆ ನುಂಗುವ ಶಕ್ತಿ ಕುಗ್ಗಿರುತ್ತದೆ, ಬಾಯಿಗೆ ಬಿಟ್ಟದ್ದು ಶ್ವಾಸನಾಳಕ್ಕೆ ಇಳಿಯಬಹುದು. ಬೆಳಿಗ್ಗೆ ಡ್ಯೂಟಿ ಒಪ್ಪಿಸುವಾಗ ಇದನ್ನೇ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಗಂಜಿ ಬೇಡ ಅಂದೆಯಲ್ಲ, ಬದಲಿಗೆ ಏನು ಮಾಡಬಹುದು ಅಂತ ಹೇಳಿದ್ಯಾ?"

ಹೇಳಿರಲಿಲ್ಲ.

ಮಾರನೇ ರಾತ್ರಿ ಆಕೆ ವರಾಂಡದಲ್ಲೇ ಇದ್ದರು. ನಾನೂ ಹೋಗಿ ಪಕ್ಕದಲ್ಲಿ ನೆಲದ ಮೇಲೆ ಕೂತೆ. ನಿನ್ನೆ ಬೈದದ್ದು ತಪ್ಪಾಯಿತು ಅಮ್ಮ, ಅಂದೆ. ತುಂಬಾ ಹೊತ್ತು ಸುಮ್ಮನಿದ್ದು ಹೇಳಿದರು: "ನಲವತ್ತು ವರ್ಷ ನನ್ ಕೈಯಲ್ಲೇ ಉಂಡವ್ರೆ ನರ್ಸಮ್ಮ. ಹಸ್ಕೊಂಡು ಹೊಂಟೋದ್ರೆ? ಬಾಯಿಗೆ ನೀರ್ ಬಿಡಕೂ ನಾನಿರ್ಲಿಲ್ಲ ಅಂತ ಆಗ್ಬುಟ್ರೆ?"

ನಮ್ಮ ಕಡೆ ಬಾಯಿಗೆ ನೀರು ಬಿಡುವುದು ಅಂದರೆ ಏನು ಅಂತ ನನಗೇನು ಗೊತ್ತಿಲ್ಲದ್ದಲ್ಲ. ನಮ್ಮಜ್ಜಿಗೂ ಅಪ್ಪ ತುಳಸಿ ನೀರು ಬಿಟ್ಟಿದ್ದನ್ನು ನೋಡಿದ್ದೆ. ಆದರೂ ಆ ರಾತ್ರಿ ನನಗೆ ಕಂಡದ್ದು ಚಮಚ ಮಾತ್ರ.

ಹಸಿವಿನ ಬಗ್ಗೆ ಮೊದಲು ಹೇಳಿದೆ. ಈ ಹಂತದಲ್ಲಿ ದೇಹವೇ ಊಟ ಬೇಡ ಅನ್ನುತ್ತದೆ. ಊಟ ಬಿಟ್ಟಿದ್ದಕ್ಕೆ ಜೀವ ಸೋಲುತ್ತಿಲ್ಲ, ಜೀವ ಸೋಲುತ್ತಿರುವುದಕ್ಕೆ ಊಟ ಸೇರುತ್ತಿಲ್ಲ. ಈ ಮಾತನ್ನು ಒಂದು ಸಲ ಹೇಳಿದರೆ ಸಾಲದು. ಆಕೆಗೂ ಮೂರ್ನಾಲ್ಕು ಸಲ ಹೇಳಿದೆ.

ಆದರೆ ಬಾಯಿ ಒಣಗುತ್ತದೆ, ಅದು ನಿಜವಾದ ಕಷ್ಟ. ಬಾಯಿ ತೆರೆದೇ ಉಸಿರಾಡುತ್ತಾರೆ, ನಾಲಿಗೆ ಬಿರಿಯುತ್ತದೆ, ಲೋಳೆ ಕಟ್ಟುತ್ತದೆ. ಆಕೆಯನ್ನು ಒಳಗೆ ಕರೆದುಕೊಂಡು ಬಂದು ತೋರಿಸಿದೆ. ಮಂಚದ ತಲೆಭಾಗ ಸ್ವಲ್ಪ ಎತ್ತರಿಸಿ, ಮುಖ ಒಂದು ಪಕ್ಕಕ್ಕೆ ತಿರುಗಿಸಿದೆವು. ಮೆತ್ತನೆಯ ಬ್ರಷ್‌ಗೆ ತೆಳು ಬಟ್ಟೆ ಸುತ್ತಿ, ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿದೆ. ಒಂದು ಹನಿಯೂ ತೊಟ್ಟಿಕ್ಕಬಾರದು. ಮೊದಲು ತುಟಿ, ಆಮೇಲೆ ಕೆನ್ನೆಯ ಒಳಭಾಗ, ಕೊನೆಗೆ ನಾಲಿಗೆ. ಬೆರಳು ಹಾಕಬೇಡಿ, ಗೊತ್ತಿಲ್ಲದೇ ಕಚ್ಚಿಬಿಡುತ್ತಾರೆ ಅಂದೆ. ಆಕ್ಸಿಜನ್ ಹಾಕಿದ್ದರೆ ಬೆಂಕಿಯ ಭಯಕ್ಕೆ ವ್ಯಾಸಲಿನ್ ಹಚ್ಚುವುದಿಲ್ಲ; ಇವರಿಗೆ ಹಾಕಿರಲಿಲ್ಲ, ಹಾಗಾಗಿ ತುಟಿಗೆ ತೆಳ್ಳಗೆ ಹಚ್ಚಿದೆವು. ಎಚ್ಚರವಾಗಿದ್ದಾಗ ಎರಡು ಗಂಟೆಗೊಮ್ಮೆಯಾದರೂ ಮಾಡಬೇಕು, ಜಾಸ್ತಿ ಒಣಗಿದರೆ ಇನ್ನೂ ಬೇಗ.

ಎರಡನೇ ಸಲ ಆಕೆಯೇ ಮಾಡಿದರು. ನಾಲಿಗೆಗೆ ತೇವ ತಾಗಿದಾಗ ಅವರು ಕಣ್ಣು ಮುಚ್ಚಿಕೊಂಡೇ ತುಟಿ ಚಪ್ಪರಿಸಿದರು. "ನೋಡಿ ನರ್ಸಮ್ಮ, ರುಚಿ ಗೊತ್ತಾಯ್ತದೆ ಅವ್ರಿಗೆ," ಅಂದರು ಆಕೆ. ಆಮೇಲೆ ವರಾಂಡಕ್ಕೆ ಹೋಗಲಿಲ್ಲ.

ಮೂರನೇ ದಿನ ಬೆಂಗಳೂರಿನಿಂದ ಮಗ ಬಂದ. "ಊಟ ಇಲ್ಲ, ಒಂದು ಬಾಟ್ಲಿ ಗ್ಲೂಕೋಸ್ ಕೂಡ ಹಾಕಿಲ್ಲ, ಇದೇನು ಹೀಗೆ ಬಿಟ್ಟಿದ್ದೀರಿ?" ಅಂತ ಕೂಗಾಡಿದ. ಈ ಸಲ ನಾನು ದನಿ ಏರಿಸಲಿಲ್ಲ. 500 ಎಂ.ಎಲ್.ನ 5 ಪರ್ಸೆಂಟ್ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಐದಾರು ಟೀ ಚಮಚದಷ್ಟು, ಅಂತ ಹೇಳಿದೆ. ಕೊನೆಯ ದಿನಗಳಲ್ಲಿ ಆ ನೀರನ್ನು ಸಂಭಾಳಿಸುವುದು ದೇಹಕ್ಕೆ ಕಷ್ಟ. ಕೈಕಾಲು ಊದಿಕೊಳ್ಳಬಹುದು, ಎದೆಯಲ್ಲಿ ನೀರು ತುಂಬಿ ಉಸಿರಾಟ ಕಷ್ಟವಾಗಬಹುದು. ಎಲ್ಲ ರೋಗಿಗೂ ಗ್ಲೂಕೋಸ್ ಬೇಡ ಅಂತ ಇದರ ಅರ್ಥವಲ್ಲ, ಅದನ್ನು ಡಾಕ್ಟರು ನೋಡಿ ನಿರ್ಧರಿಸುತ್ತಾರೆ. ಅವನು ಡಾಕ್ಟರ ಜೊತೆಯೂ ಮಾತಾಡಿ ಬಂದ. ಬಂದವನು ಮಂಚದಿಂದ ಎರಡು ಮಾರು ದೂರವೇ ನಿಂತ. ಅಮ್ಮನೂ ಮೊದಲು ಹೀಗೇ ಆಗಿದ್ದರು ಅಲ್ವಾ, ಅನಿಸಿತು.

ಆ ರಾತ್ರಿ ಉಸಿರಿನಲ್ಲಿ ಗೊರಗೊರ ಶಬ್ದ ಶುರುವಾಯಿತು. ಕೇಳುವವರ ಕರುಳು ಹಿಂಡುವ ಶಬ್ದ ಅದು. ಗಂಟಲಲ್ಲಿ ನಿಂತ ದ್ರವ ಕೆಮ್ಮಿ ತೆಗೆಯುವ ಶಕ್ತಿ ಇಲ್ಲದೆ ಹಾಗಾಗುತ್ತದೆ, ಅವರಿಗೆ ಅದರ ಅರಿವು ಇರುವಂತೆ ಕಾಣುವುದಿಲ್ಲ ಅಂತ ಇಬ್ಬರಿಗೂ ಹೇಳಿದೆ. ಮಗ್ಗುಲು ಬದಲಿಸಿ ಮಲಗಿಸಿದೆವು. ಮಾತಾಡಿ, ಕೇಳಿಸುತ್ತಿರಬಹುದು ಅಂದೆ. ನಾನು ಬೇರೆ ರೋಗಿಗಳನ್ನು ನೋಡಿಕೊಂಡು ನಾಲ್ಕು ಗಂಟೆಗೆ ವಾಪಸ್ ಬಂದಾಗ ಆಕೆ ಬ್ರಷ್ಷನ್ನು ಮಗನ ಕೈಗೆ ಕೊಟ್ಟು ಹೇಳುತ್ತಿದ್ದರು:

"ಮೊದ್ಲು ಚೆನ್ನಾಗಿ ಹಿಂಡ್ಕೊ ಮಗ. ಒಂದು ಹನೀನೂ ತೊಟ್ಟಿಕ್ಬಾರ್ದು. ಈಗ ತುಟಿ... ಹಾಂ, ಹಂಗೇ, ನಿಧಾನ."

ಐದೂವರೆಗೆ ಅವರು ಹೋದರು. ಇಬ್ಬರೂ ಮಂಚದ ಪಕ್ಕದಲ್ಲೇ ಇದ್ದರು. ಬಾಯಿ ಒಣಗಿರಲಿಲ್ಲ.