ಹಸಿರು ಬಟ್ಟೆ ಮುಂದೆ ಎರಡು ಶನಿವಾರ

ನಮ್ಮ ಕ್ಲಾಸಿನ ಐದು ಜನ ಸೇರಿ ಮಳೆ ಬಗ್ಗೆ ಒಂದು ಹಾಡು ಕಟ್ಟಿದ್ದೆವು. 3 ನಿಮಿಷ 20 ಸೆಕೆಂಡಿನ ಹಾಡು. ರೆಕಾರ್ಡಿಂಗ್ ಚೆನ್ನಾಗಿ ಬಂತು, ಸರಿ, ವಿಡಿಯೋನೂ ಮಾಡೋಣ ಅಂತಾಯ್ತು. ಕ್ಯಾಮೆರಾ ಮತ್ತು ಎಡಿಟಿಂಗ್ ನನ್ನ ಪಾಲಿಗೆ ಬಂತು. ಹಿಂದೆ ಹಸಿರು ಬಟ್ಟೆ ಕಟ್ಟಿ ತೆಗೆದರೆ, ಆಮೇಲೆ ಕಂಪ್ಯೂಟರಿನಲ್ಲಿ ಆ ಹಸಿರನ್ನು ಅಳಿಸಿ ಅಲ್ಲಿ ಬೇರೆ ಚಿತ್ರ ಸೇರಿಸಬಹುದು.

ಮೊದಲ ಶನಿವಾರ ತೆಗೆದದ್ದರಲ್ಲಿ ಒಂದು ಶಾಟ್ ಕೂಡ ಉಳಿಯಲಿಲ್ಲ. ಮಡಿಸಿಟ್ಟಿದ್ದ ಹಸಿರು ಬಟ್ಟೆಯನ್ನು ಹಾಗೇ ಗೋಡೆಗೆ ನೇತುಹಾಕಿ, ಅದಕ್ಕೆ ಒರಗಿದಂತೆ, ಹಾಡು ಹಾಡಿದ ಗೆಳತಿಯನ್ನು ನಿಲ್ಲಿಸಿದ್ದೆ. ಕಂಪ್ಯೂಟರಿನಲ್ಲಿ ಹಸಿರು ತೆಗೆದರೆ ಸುಕ್ಕುಗಳ ನೆರಳು ಗೆರೆಗೆರೆಯಾಗಿ ಉಳಿಯಿತು. ಬಟ್ಟೆಗೆ ಬಡಿದು ಬಂದ ಬೆಳಕಿನಿಂದ ಅವಳ ಕೆನ್ನೆಯೂ ಕೂದಲಂಚೂ ಹಸಿರು. ಹಸಿರು ಅಳಿಸುವ ಸ್ಲೈಡರ್ ಜಾಸ್ತಿ ಮಾಡಿದರೆ ಹಸಿರಿನ ಜೊತೆ ಕೂದಲೂ ಹೋಗುತ್ತದೆ. ಮೊಬೈಲ್ ವಿಡಿಯೋದಲ್ಲಿ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ (ಚಿತ್ರದ ಚುಕ್ಕಿಗಳು) ಸೇರಿ ಒಂದೇ ಬಣ್ಣದ ಲೆಕ್ಕ ಇಟ್ಟುಕೊಳ್ಳುತ್ತವೆ. ಕೂದಲಿನಷ್ಟು ತೆಳ್ಳಗಿನ ಅಂಚು ಅದರಲ್ಲಿ ಹೇಗೆ ಸಿಗಬೇಕು?

ಎರಡನೇ ಶನಿವಾರ ಬಟ್ಟೆಗೆ ಇಸ್ತ್ರಿ ಹಾಕಿ, ನಾಲ್ಕೂ ಕಡೆ ಕ್ಲಿಪ್ ಹಾಕಿ ಬಿಗಿದೆವು. ಬಟ್ಟೆಗೇ ಅಂತ ಎಡಕ್ಕೊಂದು ಬಲಕ್ಕೊಂದು ಲೈಟು. ಗೆಳತಿಯನ್ನು ಬಟ್ಟೆಯಿಂದ 7 ಅಡಿ ಮುಂದೆ ನಿಲ್ಲಿಸಿ, ಅವಳಿಗೆ ಬೇರೆ ಲೈಟು. ಕೈ ಬೀಸಿದಾಗ ಮಸುಕಾಗಬಾರದು ಅಂತ ಶಟರ್, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತು, 1/50 ಸೆಕೆಂಡ್ ಇದ್ದದ್ದನ್ನು 1/100 ಮಾಡಿದೆ. ಹಸಿರು ಅಂಗಿ ಹಾಕಿಕೊಂಡು ಬಂದಿದ್ದ ಇನ್ನೊಬ್ಬ ಗೆಳೆಯನನ್ನು ಅಂಗಿ ಬದಲಿಸೋಕೆ ಕಳಿಸಿದೆ. ಇಷ್ಟಾದ ಮೇಲೆ ಹಸಿರು ಒಂದೇ ಕ್ಲಿಕ್ಕಿಗೆ ಹೋಯಿತು.

ಕಷ್ಟ ಇದ್ದದ್ದು ಲಿಪ್ ಸಿಂಕ್‌ನಲ್ಲಿ, ಅಂದರೆ ರೆಕಾರ್ಡ್ ಆದ ಹಾಡಿಗೆ ತುಟಿ ಹೊಂದಿಸೋದರಲ್ಲಿ.

ಗೆಳತಿಗೆ ಎಲ್ಲರ ಮುಂದೆ ಸಂಕೋಚ. ಸ್ಪೀಕರಿನಲ್ಲಿ ಹಾಡು ಬರ್ತಿತ್ತು, ಅವಳು ಸುಮ್ನೆ ಬಾಯಿ ಆಡಿಸ್ತಿದ್ದಳು. ತುಟಿ ಅಲ್ಲಾಡುತ್ತಿತ್ತು, ಗಂಟಲು ಅಲ್ಲಾಡುತ್ತಿರಲಿಲ್ಲ. ಎತ್ತರದ ಸ್ವರಕ್ಕೆ ಕತ್ತಿನ ನರ ಬಿಗಿಯಬೇಕಲ್ವಾ? ಸಾಲಿಗೆ ಮೊದಲು ಉಸಿರು ಎಳೆದುಕೊಳ್ಳುವಾಗ ಭುಜ ಏಳಬೇಕಲ್ವಾ? ಏನೂ ಇಲ್ಲ. ಕೊನೆಗೆ ಉಳಿದವರನ್ನೆಲ್ಲ ಹೊರಗೆ ಕಳಿಸಿ, ಸ್ಪೀಕರ್ ಜೋರು ಮಾಡಿ, "ನಿನ್ನ ದನಿ ಇಲ್ಲಿ ಯಾರಿಗೂ ಕೇಳಲ್ಲ, ಪೂರ್ತಿ ಹಾಡಿಬಿಡು" ಅಂದೆ. ನಿಜವಾಗಿ ಹಾಡಿದಳು. ಆ ಟೇಕ್ ನೋಡುವಾಗ ನನಗೆ ಮೈ ಜುಮ್ಮೆಂದಿತು.

ಎಡಿಟಿಂಗ್‌ಗೆ ಕೂತಾಗ ಗೊತ್ತಾದದ್ದು, ಹೊಂದಿಕೆ ನೋಡಬೇಕಾದ್ದು ಪ, ಬ, ಮ ಬಂದಲ್ಲಿ. ಈ ಮೂರಕ್ಕೂ ತುಟಿ ಮುಚ್ಚಲೇಬೇಕು. ಆ, ಏ ಒಂದೆರಡು ಫ್ರೇಮ್ (ವಿಡಿಯೋದ ಒಂದೊಂದು ಬಿಡಿ ಚಿತ್ರ) ಆಚೀಚೆ ಆದರೂ ನಡೆಯುತ್ತೆ. ಆದರೆ 'ಮ' ಕೇಳಿಸುವಾಗ ಬಾಯಿ ತೆರೆದಿದ್ದರೆ ನೋಡುವವರಿಗೆ ತಕ್ಷಣ ಇರಿಸುಮುರಿಸು. ನಮ್ಮದರಲ್ಲಿ ಪಲ್ಲವಿ ಸರಿಯಾಗಿ ಕೂತಿತ್ತು, ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಜಾರಿತ್ತು. ಮೊಬೈಲ್ ಸೆಕೆಂಡಿಗೆ 30 ಫ್ರೇಮ್ ಅಂದರೂ ಒಂದೊಂದು ಹೊತ್ತಿಗೆ ಒಂದೊಂದು ವೇಗದಲ್ಲಿ ತೆಗೆದಿತ್ತು. ಎಲ್ಲವನ್ನೂ ಒಂದೇ ವೇಗಕ್ಕೆ ಬದಲಿಸಿ, ಹಾಡಿನ ಮೊದಲು ಸೇರಿಸಿದ್ದ ಮೂರು 'ಟಕ್' ಸದ್ದಿಗೆ ಪ್ರತಿ ಟೇಕ್ ಜೋಡಿಸಿದೆ.

ಕೊನೆಯ ಸಾಲು ಸ್ಲೋ ಮೋಷನ್‌ನಲ್ಲಿ ಬೇಕು ಅಂತ ನನ್ನ ಆಸೆ. ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, 60 ಫ್ರೇಮ್‌ನಲ್ಲಿ ತೆಗೆದು, 30ರ ವೇಗದಲ್ಲಿ ಓಡಿಸಿದರೆ ತುಟಿ ಮಾಮೂಲಿ ವೇಗದ ಹಾಡಿಗೇ ಹೊಂದುತ್ತದೆ, ಮಿಕ್ಕಿದ್ದೆಲ್ಲ ನಿಧಾನ. ಅಷ್ಟು ಬೇಗ ಹಾಡೋಕೆ ಗೆಳತಿಗೆ ಉಸಿರೇ ಸಾಲಲಿಲ್ಲ. ಒಂಬತ್ತನೇ ಟೇಕ್ ಸಿಕ್ಕಿತು.

ಆ ಸಾಲಿನ ಕೊನೆಯ ಪದ 'ಮಳೆ'. ಹಿಂದೆ ನಾವು ಸೇರಿಸಿದ ಮೋಡ. ಕೂದಲು ತೇಲಿ ಭುಜಕ್ಕೆ ಇಳಿಯುತ್ತಿದೆ. ತುಟಿಗಳು ಮೆಲ್ಲಗೆ ಕೂಡುತ್ತವೆ, ಒಂದು ಗಳಿಗೆ ಹಾಗೇ ಇದ್ದು, ತೆರೆಯುತ್ತವೆ. ಅದೇ ಹೊತ್ತಿಗೆ ಸರಿಯಾಗಿ ಅವಳ ದನಿ.